ಖರ್ಚಿಗೊಂದು ಆ್ಯಪ್, ಹೂಡಿಕೆಗೊಂದು ಆ್ಯಪ್: ಹೇಗೆ ಆರಿಸ್ಕೊಳ್ಳೋದು

ಬಜೆಟ್ಟು, ಸಿಪ್ಪು (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕೋ ಕಂತು), ಷೇರು, ಇನ್ಶೂರೆನ್ಸು, ಸಾಲ ಎಲ್ಲಾ ಒಂದೇ ಆ್ಯಪಲ್ಲಿ ಅಂತ ಜಾಹೀರಾತು ಬರ್ತಾನೇ ಇರತ್ತೆ, ನಂಗಂತೂ ಅದು ಇಷ್ಟ ಇಲ್ಲ. ಖರ್ಚಿನ ಲೆಕ್ಕ ಇಡೋದು ಬೇರೆ ಕೆಲಸ, ದುಡ್ಡು ಹಾಕೋದು ಬೇರೆ ಕೆಲಸ, ಎರಡಕ್ಕೂ ನೋಡ್ಬೇಕಾದ್ದು ಬೇರೆ ಬೇರೆ. ಅಲ್ಲದೆ ಫ್ರೀ ಕೊಡೋ ಎಷ್ಟೋ ಬಜೆಟ್ ಆ್ಯಪ್‌ಗಳಿಗೆ ಆದಾಯ ಬರೋದೇ ಪರ್ಸನಲ್ ಲೋನು, ಕ್ರೆಡಿಟ್ ಕಾರ್ಡ್ ಮಾರಿ. ಉಳಿಸೋಕೆ ಅಂತ ಹಾಕ್ಕೊಂಡಿರೋ ಆ್ಯಪು ದಿನಾ ಬೆಳಗ್ಗೆ ಎರಡು ಲಕ್ಷ ಪ್ರೀ ಅಪ್ರೂವ್ಡ್ ಸಾಲ ಇದೆ ತಗೊಳ್ಳಿ ಅಂದ್ರೆ ಏನ್ ಹೇಳೋಣ.

ಮೊದ್ಲು ಖರ್ಚಿನದ್ದು. ಯಾವ ಆ್ಯಪ್ ಒಳ್ಳೇದು ಅಂತ ಕೇಳೋಕೆ ಮುಂಚೆ ನೀವು ದುಡ್ಡು ಹೇಗೆ ಕೊಡ್ತೀರಾ ಅಂತ ನೋಡ್ಕೊಳ್ಳಿ. ನಮ್ಮಲ್ಲಿ ತಾನಾಗೇ ಲೆಕ್ಕ ಹಿಡಿಯೋ ಆ್ಯಪ್‌ಗಳು ಹೆಚ್ಚಾಗಿ ಬ್ಯಾಂಕಿನ ಎಸ್ಸೆಮ್ಮೆಸ್ ಓದಿ ಹಿಡಿಯೋದು, ಐಫೋನಲ್ಲಿ ಯಾವ ಆ್ಯಪ್ಪಿಗೂ ಎಸ್ಸೆಮ್ಮೆಸ್ ಓದೋಕೆ ಬಿಡಲ್ಲ, ಹಾಗಾಗಿ ಆಂಡ್ರಾಯ್ಡ್ ಇರೋ ಗೆಳೆಯ ಸೂಪರ್ ಅಂದ ಆ್ಯಪು ನಿಮ್ ಐಫೋನಲ್ಲಿ ಖಾಲಿ ಹೊಡೀಬೋದು. ಆಂಡ್ರಾಯ್ಡಲ್ಲೂ ಪೂರ್ತಿ ನಂಬೋ ಹಾಗಿಲ್ಲ. ಸಣ್ಣ ಯುಪಿಐ ಪೇಮೆಂಟಿಗೆ ಮೆಸೇಜ್ ಕಳಿಸೋದನ್ನ ನಿಲ್ಲಿಸಿರೋ ಬ್ಯಾಂಕುಗಳಿವೆ, ಯುಪಿಐ ಲೈಟ್ ಅನ್ನೋ ಚಿಲ್ರೆ ವಾಲೆಟ್ಟಲ್ಲಿ ಕೊಟ್ಟ ಟೀ ದುಡ್ಡು, ಸೊಪ್ಪಿನ ದುಡ್ಡು ಪಾಸ್‌ಬುಕ್ಕಲ್ಲೂ ಒಂದೊಂದಾಗಿ ಬರಲ್ಲ, ವಾಲೆಟ್ಟಿಗೆ ತುಂಬಿದ ಮೊತ್ತ ಮಾತ್ರ ಕಾಣತ್ತೆ. ಚಿಲ್ರೆ ಖರ್ಚೇ ಜಾಸ್ತಿ ಇರೋರು ಕೈಯಲ್ಲಿ ಎಂಟ್ರಿ ಮಾಡೋ ಸಾದಾ ಆ್ಯಪ್ ಅಥವಾ ಗೂಗಲ್ ಶೀಟ್ ಇಟ್ಕೊಳ್ಳೋದೇ ವಾಸಿ.

ಹಾಕ್ಕೊಂಡ ಮೇಲೆ ಒಂದು ಪರೀಕ್ಷೆ ಮಾಡಿ, ಹೋದ ತಿಂಗಳ ಕ್ರೆಡಿಟ್ ಕಾರ್ಡ್ ಬಿಲ್ ಎಲ್ಲಿದೆ ಅಂತ ಹುಡುಕಿ. ಕಾರ್ಡಲ್ಲಿ 8,000 ರೂಪಾಯಿ ದಿನಸಿ, ಪೆಟ್ರೋಲು ತಗೊಂಡ್ರಿ, ಆಮೇಲೆ ಬ್ಯಾಂಕಿಂದ ಆ ಬಿಲ್ಲಿಗೆ 8,000 ಕಟ್ಟಿದ್ರಿ. ದಡ್ಡ ಆ್ಯಪು ಎರಡನ್ನೂ ಖರ್ಚು ಅಂತ ಹಿಡಿದು 16,000 ತೋರಿಸತ್ತೆ. ಒಂದು ಅಕೌಂಟಿಂದ ನಿಮ್ಮದೇ ಇನ್ನೊಂದು ಅಕೌಂಟಿಗೆ ಹಾಕಿದ್ದು, ಸಿಪ್‌ಗೆ ಕಟ್ ಆಗಿದ್ದು, ಇವೂ ಹಾಗೇನೇ. ಇದನ್ನ ಟ್ರಾನ್ಸ್‌ಫರ್ ಅಂತ ಒಂದ್ಸಲ ಗುರುತು ಮಾಡಿದ್ರೆ ಮುಂದಿನ ತಿಂಗಳು ತಾನೇ ನೆನಪಿಟ್ಕೊಳ್ಳೋ ಹಾಗಿದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ತೆಗೆದು ಹಾಕಿ, ಗ್ರಾಫು ಎಷ್ಟೇ ಚೆನ್ನಾಗಿರ್ಲಿ.

ಇನ್ನೊಂದು, ಡೇಟಾ ಸಿಎಸ್‌ವಿ (ಶೀಟಲ್ಲಿ ತೆರೆಯೋ ಸಾದಾ ಫೈಲು) ಅಥವಾ ಎಕ್ಸೆಲ್ ಆಗಿ ಈಚೆ ತೆಗೆಯೋಕೆ ಬರತ್ತಾ ನೋಡಿ, ನಾಳೆ ಆ್ಯಪೇ ಮುಚ್ಚಿದ್ರೂ ಲೆಕ್ಕ ಉಳೀಬೇಕಲ್ಲ. ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸ್ತಿದ್ದ ಮಿಂಟ್ ಅನ್ನೋ ಬಜೆಟ್ ಆ್ಯಪನ್ನ ಇಂಟ್ಯೂಟ್ ಕಂಪನಿ 2024ರ ಮಾರ್ಚಲ್ಲಿ ಮುಚ್ಚೇ ಬಿಡ್ತು. ಅಲ್ಲಿರೋ ನಮ್ಮೋರು ಈಗ ವೈನ್ಯಾಬ್, ಮೊನಾರ್ಕ್ ಥರದ ದುಡ್ಡು ಕೊಟ್ಟು ಬಳಸೋವಕ್ಕೆ ಹೋಗಿದಾರೆ, ಆದ್ರೆ ವೈನ್ಯಾಬು ಇಂಡಿಯಾ ಬ್ಯಾಂಕ್ ಅಕೌಂಟಿಗೆ ಲಿಂಕ್ ಆಗಲ್ಲ, ಇಲ್ಲಿ ಕೂತು ಅದಕ್ಕೆ ಡಾಲರ್ ಕಟ್ಟಿದ್ರೆ ಎಂಟ್ರಿ ನೀವೇ ಹಾಕ್ಬೇಕು. ಲೆಕ್ಕ ಬರೆಯೋ ಹುಚ್ಚಿರೋರಿಗೆ ಕಂಪ್ಯೂಟರಲ್ಲಿ ಗ್ನೂಕ್ಯಾಶ್ ಇದೆ, ಪೂರ್ತಿ ಫ್ರೀ, ಓಪನ್ ಸೋರ್ಸು, ಜಮಾ ಖರ್ಚು ಎರಡೂ ಕಡೆ ಬರೆಯೋ ಪದ್ಧತಿ. ಬೇರೆಯೋರಿಗೆ ತಾಳ್ಮೆ ಕೆಡತ್ತೆ.

ಬ್ಯಾಂಕ್ ಲಿಂಕ್ ಮಾಡಿ ಅಂತ ಕೇಳಿದ್ರೆ? ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಯಾವ ಆ್ಯಪ್ಪಿಗೂ ಕೊಡ್ಬೇಡಿ. ಆರ್‌ಬಿಐ ಒಪ್ಪಿರೋ ದಾರಿ ಅಕೌಂಟ್ ಅಗ್ರಿಗೇಟರ್, ಅಂದ್ರೆ ನಿಮ್ ಒಪ್ಪಿಗೆ ಮೇಲೆ ಬ್ಯಾಂಕಿನ ಮಾಹಿತಿಯನ್ನ ಆ್ಯಪ್ಪಿಗೆ ದಾಟಿಸೋ ಕಂಪನಿ, ಫಿನ್‌ವೂ, ಒನ್‌ಮನಿ, ಅನುಮತಿ ಅಂತೆಲ್ಲ ಹೆಸರು ಬರತ್ತೆ. ಅಲ್ಲಿ ಒಪ್ಪಿಗೆ ಕೇಳೋ ಸ್ಕ್ರೀನಲ್ಲಿ ಯಾವ ಅಕೌಂಟು, ಯಾವ ಕಾರಣಕ್ಕೆ, ಎಲ್ಲಿವರೆಗೆ, ಎಷ್ಟು ಸಲ ತಗೋತಾರೆ ಅಂತ ಬರೆದಿರತ್ತೆ, ಓದದೆ ಓಕೆ ಒತ್ಬೇಡಿ. ಬೇಡ ಅನಿಸಿದಾಗ ಅಲ್ಲೇ ವಾಪಸ್ ತಗೋಬೋದು.

ಈಗ ಹೂಡಿಕೆ. ಷೇರುಪೇಟೆ ನಿಯಂತ್ರಿಸೋ ಸೆಬಿಯ ರಿಜಿಸ್ಟ್ರೇಷನ್ ನಂಬರ್ ಅಂತ ಆ್ಯಪಲ್ಲಿ ಬರೆದಿದ್ರೆ ಅದು ನಿಜಾನಾ ಅಂತ ಸೆಬಿ ವೆಬ್‌ಸೈಟಲ್ಲಿ ಹಾಕಿ ನೋಡಿ, ವಾಟ್ಸಾಪ್ ಗ್ರೂಪಲ್ಲಿ ಬಂದ ಲಿಂಕಿಂದ ಇನ್‌ಸ್ಟಾಲ್ ಮಾಡ್ಲೇಬೇಡಿ. ಆಮೇಲೆ ಮ್ಯೂಚುವಲ್ ಫಂಡ್ ಹೆಸರಲ್ಲಿ ಡೈರೆಕ್ಟ್ ಅಂತ ಇದೆಯಾ ನೋಡಿ, 2013ರ ಜನವರಿಯಿಂದ ಪ್ರತಿ ಫಂಡಿಗೂ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಇದೆ. ಕಮಿಷನ್ ಒಂದು ಪರ್ಸೆಂಟ್ ತಾನೇ ಅನ್ಬೇಡಿ, ತಿಂಗಳಿಗೆ 10,000 ಹಾಗೆ 20 ವರ್ಷ ಹಾಕಿದ್ರೆ ವರ್ಷಕ್ಕೆ 12 ಪರ್ಸೆಂಟ್ ಲಾಭದಲ್ಲಿ ಹತ್ತಿರ ಹತ್ತಿರ ಒಂದು ಕೋಟಿ, ಆ ಒಂದು ಕಮ್ಮಿಯಾಗಿ 11 ಬಂದ್ರೆ 87 ಲಕ್ಷ ಚಿಲ್ರೆ. ಯಾರಾದ್ರೂ ಕೂತು ಸಲಹೆ ಕೊಡ್ತಿದ್ರೆ ಆ ಕಮಿಷನ್ನಿಗೆ ಅರ್ಥ ಇದೆ, ನೀವೇ ಆರಿಸಿ ನೀವೇ ಬಟನ್ ಒತ್ತಿದ್ಮೇಲೆ ಯಾಕೆ ಕೊಡ್ಬೇಕು?

ಲಾಭವನ್ನ ಎಕ್ಸ್‌ಐಆರ್‌ಆರ್ ಲೆಕ್ಕದಲ್ಲಿ, ಅಂದ್ರೆ ಪ್ರತಿ ಕಂತಿನ ತಾರೀಖು ಹಿಡಿದು ವರ್ಷಕ್ಕೆ ಎಷ್ಟು ಅಂತ, ತೋರಿಸತ್ತಾ ಅಂತಾನೂ ನೋಡಿ. ತಿಂಗಳಿಗೆ 5,000 ಹಾಗೆ ವರ್ಷ ಹಾಕಿದ್ದು 60,000, ಈಗ 63,000 ಆಗಿದೆ ಅಂದ್ರೆ 5 ಪರ್ಸೆಂಟೇನಾ ಅಂತ ಬೇಜಾರಾಗ್ಬೋದು, ಆದ್ರೆ ಕೊನೇ ಕಂತು ಹಾಕಿ ಬರೀ ತಿಂಗಳಾಗಿರತ್ತಲ್ಲ, ತಾರೀಖು ಸೇರಿಸಿ ಲೆಕ್ಕ ಹಾಕಿದ್ರೆ ವರ್ಷಕ್ಕೆ 9ರ ಮೇಲೆ ಬರತ್ತೆ. ಅದನ್ನ ಎಫ್‌ಡಿ ಬಡ್ಡಿ ಜೊತೆ ಹೋಲಿಸ್ಬೇಕು.

ಆ್ಯಪ್ ಕಂಪನಿ ಮುಚ್ಚಿದ್ರೆ ದುಡ್ಡು ಹೋಗತ್ತಾ ಅಂತ ಎಲ್ಲಾರೂ ಕೇಳ್ತಾರೆ. ಮ್ಯೂಚುವಲ್ ಫಂಡ್ ಯೂನಿಟ್ಟು ಆ್ಯಪ್ ಹತ್ರ ಇರಲ್ಲ, ನಿಮ್ ಪ್ಯಾನ್ ಮೇಲೆ ಫಂಡ್ ಹೌಸ್ ಕಡೆ ಅಥವಾ ಡಿಮ್ಯಾಟಲ್ಲಿ (ಷೇರು, ಫಂಡು ಇಡೋ ಖಾತೆ) ಇರತ್ತೆ. 2021ರಲ್ಲಿ ಶುರುವಾದ ಎಂಎಫ್ ಸೆಂಟ್ರಲ್ ಅನ್ನೋ ವೆಬ್‌ಸೈಟಿಗೆ ಹೋದ್ರೆ ಯಾವ ಆ್ಯಪಿಂದ ಹಾಕಿದ ಫಂಡೇ ಆಗ್ಲಿ ಒಟ್ಟಿಗೆ ಕಾಣತ್ತೆ. ಚೀಟಿ ದುಡ್ಡು, ಮನೇಲಿರೋ ಚಿನ್ನ, ಕೈಸಾಲ ಇವೆಲ್ಲ ಯಾವ ಆ್ಯಪ್ಪಿಗೂ ತಾನಾಗಿ ಗೊತ್ತಾಗಲ್ಲ, ಅದನ್ನ ಶೀಟಲ್ಲೇ ಬರ್ಕೊಳ್ಳಿ.

ಆ್ಯಪ್ ಬದಲಾಯಿಸೋವಾಗ ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿ ಕೂರ್ಬೇಡಿ. ಸಿಪ್ಪಿನ ಆಟೋಪೇ ಮ್ಯಾಂಡೇಟ್, ಅಂದ್ರೆ ದುಡ್ಡು ತಾನಾಗೇ ಕಟ್ ಮಾಡ್ಕೊಳ್ಳೋಕೆ ಕೊಟ್ಟ ಒಪ್ಪಿಗೆ, ಬ್ಯಾಂಕಲ್ಲಿ ಹಾಗೇ ಇರತ್ತೆ, ದುಡ್ಡು ಕಟ್ ಆಗ್ತಾನೇ ಇರತ್ತೆ. ಮೊದ್ಲು ಸಿಪ್ ನಿಲ್ಲಿಸಿ, ಮ್ಯಾಂಡೇಟ್ ಕ್ಯಾನ್ಸಲ್ ಮಾಡಿ, ಅಗ್ರಿಗೇಟರ್ ಒಪ್ಪಿಗೆ ವಾಪಸ್ ತಗೊಳ್ಳಿ, ಜೀಮೇಲ್ ಓದೋ ಪರ್ಮಿಷನ್ ಕೊಟ್ಟಿದ್ರೆ ಗೂಗಲ್ ಅಕೌಂಟ್ ಸೆಟ್ಟಿಂಗ್ಸಿಗೆ ಹೋಗಿ ತೆಗೀರಿ, ಸಿಎಸ್‌ವಿ ಇಳಿಸ್ಕೊಳ್ಳಿ, ಆಮೇಲೆ ಡಿಲೀಟ್.