ವರ್ಚುವಲ್‌ಬಾಕ್ಸ್‌ನಲ್ಲಿ ಮೂರು ಸರ್ವರ್, ತಲಾ ಎರಡು ಅಡಾಪ್ಟರ್

ಒಂದೇ ಲ್ಯಾಪ್‌ಟಾಪಿನಲ್ಲಿ (ಇದೇ ಹೋಸ್ಟ್) ವರ್ಚುವಲ್‌ಬಾಕ್ಸ್ ತಂತ್ರಾಂಶದಿಂದ ಮೂರು ಉಬುಂಟು ಸರ್ವರ್ ವಿಎಂ (ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರ್) ಓಡಿಸುವಾಗ ಪ್ರತಿಯೊಂದಕ್ಕೂ ಎರಡು ನೆಟ್‌ವರ್ಕ್ ಅಡಾಪ್ಟರ್ ಕೊಡುತ್ತೇನೆ: ಮೊದಲನೆಯದು ನ್ಯಾಟ್ (ಹೋಸ್ಟ್ ಮೂಲಕ ಹೊರಹೋಗುವ ದಾರಿ), ಎರಡನೆಯದು ಹೋಸ್ಟ್-ಓನ್ಲಿ (ಹೋಸ್ಟ್ ಮತ್ತು ವಿಎಂಗಳ ನಡುವಿನ ಖಾಸಗಿ ಜಾಲ). ಇಂಟರ್ನೆಟ್ ಬೇಕಾದದ್ದೆಲ್ಲ ನ್ಯಾಟ್‌ನಲ್ಲಿ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮತ್ತು ವಿಎಂಗಳ ಒಳಸಂಪರ್ಕ ಹೋಸ್ಟ್-ಓನ್ಲಿಯಲ್ಲಿ. ಬರೀ ನ್ಯಾಟ್ ಸಾಲದು. ಅಲ್ಲಿ ಪ್ರತಿ ವಿಎಂಗೂ ತನ್ನದೇ ರೂಟರ್ ಇದ್ದ ಹಾಗೆ, ಮೂರಕ್ಕೂ 10.0.2.15 ಎಂಬ ಒಂದೇ ಐಪಿ ಸಿಗುತ್ತದೆ, ಒಂದಕ್ಕೊಂದು ಕಾಣುವುದಿಲ್ಲ. ವಿಎಂ ಅನ್ನು ನೇರವಾಗಿ ಹೊರಗಿನ ಜಾಲಕ್ಕೆ ಸೇರಿಸುವ ಬ್ರಿಡ್ಜ್ಡ್ ವಿಧಾನವನ್ನು ವೈಫೈ ಮೇಲೆ ಬಳಸುವುದೇ ಇಲ್ಲ. ಊರು ಬದಲಾದಂತೆ ಐಪಿಯೂ ಬದಲಾಗುತ್ತದೆ.

ವರ್ಚುವಲ್‌ಬಾಕ್ಸ್‌ನ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಹೋಸ್ಟ್-ಓನ್ಲಿ ಜಾಲ ರಚಿಸಿದರೆ ಸಾಮಾನ್ಯವಾಗಿ ಹೋಸ್ಟ್‌ಗೆ 192.168.56.1, ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್‌ಗೆ 192.168.56.100 ಬರುತ್ತದೆ, ಹಂಚಿಕೆ 101ರಿಂದ 254ರವರೆಗೆ. ಹಾಗಾಗಿ ನನ್ನ ಸ್ಥಿರ ಐಪಿಗಳು 11, 12, 13. ಬೇರೆ ಶ್ರೇಣಿ ಬೇಕೆಂದರೆ ಎಚ್ಚರ: ವರ್ಚುವಲ್‌ಬಾಕ್ಸ್ 6.1.28ರಿಂದ ಲಿನಕ್ಸ್ ಹೋಸ್ಟ್‌ನಲ್ಲಿ 192.168.56.0/21 ಬಿಟ್ಟು ಬೇರೆಯದನ್ನು ಅದು ಒಪ್ಪುವುದಿಲ್ಲ. ಇಟಿಸಿ ಫೋಲ್ಡರಿನ ವಿಬಾಕ್ಸ್ ಒಳಗೆ ನೆಟ್‌ವರ್ಕ್ಸ್ ಡಾಟ್ ಕಾನ್ಫ್ ಎಂಬ ಫೈಲು ಮಾಡಿ, ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಸಾಲಿನಲ್ಲಿ ಶ್ರೇಣಿ ಬರೆಯಬೇಕು.

ಗೆಸ್ಟ್ (ವಿಎಂ) ಒಳಗೆ ಮೊದಲ ಅಡಾಪ್ಟರಿನ ಹೆಸರು ಇಎನ್‌ಪಿ0ಎಸ್3. ಎರಡನೆಯದು ಎಸ್4 ಅಲ್ಲ, ಎಸ್8. ಪಿಸಿಐ ಸ್ಲಾಟ್ ಸಂಖ್ಯೆ ಹಾಗಿದೆ. ಇನ್‌ಸ್ಟಾಲ್ ಆದಮೇಲೆ ಸೇರಿಸಿದ ಅಡಾಪ್ಟರ್ ತಾನಾಗಿ ಐಪಿ ಪಡೆಯುವುದಿಲ್ಲ, ನೆಟ್‌ಪ್ಲಾನ್ (ಉಬುಂಟುವಿನ ಜಾಲ ಸಂರಚನೆ) ಫೈಲಿನಲ್ಲಿ ಅದರ ಹೆಸರೇ ಇರುವುದಿಲ್ಲ. ನಾನು 99ರಿಂದ ಶುರುವಾಗುವ ಪ್ರತ್ಯೇಕ ಫೈಲು ಬರೆದು, ಅನುಮತಿ 600 (ಮಾಲೀಕ ಮಾತ್ರ ಓದಿ ಬರೆಯುವಂತೆ) ಕೊಟ್ಟು, 'ನೆಟ್‌ಪ್ಲಾನ್ ಟ್ರೈ' ಓಡಿಸುತ್ತೇನೆ. ಸಂಪರ್ಕ ಕಡಿದು ಒಪ್ಪಿಗೆ ಕೊಡಲಾಗದಿದ್ದರೆ 120 ಸೆಕೆಂಡಿನಲ್ಲಿ ಹಳೆಯದಕ್ಕೇ ಮರಳುತ್ತದೆ. ಈ ಅಡಾಪ್ಟರಿಗೆ ಗೇಟ್‌ವೇ (ಹೊರದಾರಿಯ ವಿಳಾಸ) ಬರೆಯಲೇಬಾರದು. ಬರೆದರೆ ಎರಡು ಡೀಫಾಲ್ಟ್ ದಾರಿಗಳಾಗಿ, ಹೊರಹೋಗಬೇಕಾದ ಪ್ಯಾಕೆಟ್‌ಗಳು ಇಂಟರ್ನೆಟ್ಟೇ ಇಲ್ಲದ ಕಡೆ ನುಗ್ಗಬಹುದು.

ಹೆಚ್ಚು ಹೊತ್ತು ತಿನ್ನುವುದು ಕ್ಲೋನಿಂಗ್, ಅಂದರೆ ಒಂದು ವಿಎಂನ ನಕಲು ತೆಗೆಯುವುದು. ಕ್ಲೋನ್ ಮಾಡುವಾಗ ಎಲ್ಲ ಅಡಾಪ್ಟರ್‌ಗಳಿಗೂ ಹೊಸ ಮ್ಯಾಕ್ ವಿಳಾಸ (ಅಡಾಪ್ಟರಿನ ಗುರುತು) ಎಂಬ ಆಯ್ಕೆ ಕೊಟ್ಟಿದ್ದರೂ, ಸ್ಥಿರ ಐಪಿ ಬರೆಯದೆ ಡಿಎಚ್‌ಸಿಪಿಗೆ ಬಿಟ್ಟಿದ್ದರೆ, ಎರಡು ವಿಎಂಗಳಿಗೆ 192.168.56.101 ಎಂಬ ಒಂದೇ ಐಪಿ ಬರುವುದುಂಟು. ಎಸ್‌ಎಸ್‌ಎಚ್ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ತಗಲುತ್ತದೆ. ಹೋಸ್ಟ್ ಕೀ (ಎಸ್‌ಎಸ್‌ಎಚ್ ಸರ್ವರನ್ನು ಗುರುತಿಸುವ ಕೀಲಿ) ಕೂಡ ನಕಲಾಗಿರುವುದರಿಂದ ಎಚ್ಚರಿಕೆಯೂ ಬರುವುದಿಲ್ಲ. ಕಾರಣ ಮ್ಯಾಕ್ ಅಲ್ಲ. ಉಬುಂಟು ಸರ್ವರಿನ ಜಾಲ ಸೇವೆಯಾದ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಡಿಎಚ್‌ಸಿಪಿಗೆ ಕಳಿಸುವ ಗುರುತು ಮಷೀನ್-ಐಡಿಯಿಂದ (ಆ ಸಿಸ್ಟಮ್ಮಿನ ಗುರುತು ಸಂಖ್ಯೆ) ಹುಟ್ಟುತ್ತದೆ, ಅದು ಎಲ್ಲ ಕ್ಲೋನ್‌ಗಳಲ್ಲೂ ಒಂದೇ. ನೆಟ್‌ಪ್ಲಾನ್‌ನಲ್ಲಿ ಡಿಎಚ್‌ಸಿಪಿ-ಐಡೆಂಟಿಫೈಯರ್ ಎಂಬಲ್ಲಿ ಮ್ಯಾಕ್ ಎಂದು ಬರೆದರೆ ಐಪಿ ತಾಕಲಾಟ ನಿಲ್ಲುತ್ತದೆ. ಆದರೆ ಬುಡದಲ್ಲೇ ಸರಿಪಡಿಸುವುದು ನನಗಿಷ್ಟ: ಮೂಲ ವಿಎಂನಲ್ಲಿ ಇಟಿಸಿ ಒಳಗಿನ ಮಷೀನ್-ಐಡಿ ಫೈಲನ್ನು ಅಳಿಸದೆ, ಸೊನ್ನೆ ಬೈಟಿಗೆ ಖಾಲಿ ಮಾಡುತ್ತೇನೆ. ಇದು ಶಟ್‌ಡೌನ್‌ಗೆ ಮುಂಚಿನ ಕೊನೆಯ ಕೆಲಸವಾಗಿರಬೇಕು. ಮೂಲ ವಿಎಂ ಮತ್ತೊಮ್ಮೆ ಬೂಟ್ ಆದರೆ ಫೈಲು ತುಂಬಿಕೊಳ್ಳುತ್ತದೆ, ಆಮೇಲೆ ತೆಗೆದ ಕ್ಲೋನ್‌ಗಳಲ್ಲಿ ಅದೇ ಗೋಳು.