ಸೂರಿನಡಿ ದಾರಿ ಹೇಳುವ ಮೊಬೈಲ್: ಅಳವಡಿಸುವುದು ಹೇಗೆ?

ಶಿವಮೊಗ್ಗದ ಬಸ್ ನಿಲ್ದಾಣದಿಂದ ಆಸ್ಪತ್ರೆಯ ಗೇಟಿನವರೆಗೆ ಜಿಪಿಎಸ್ ದಾರಿ ಹೇಳುತ್ತದೆ. ಒಳಗೆ ಕಾಲಿಟ್ಟ ಮೇಲೆ ಅದನ್ನು ನಂಬುವಂತಿಲ್ಲ. ಮೊದಲೇ ಕ್ಷೀಣವಾದ ಉಪಗ್ರಹದ ಸಂಕೇತ ಕಾಂಕ್ರೀಟ್ ಚಾವಣಿ ದಾಟುವಷ್ಟರಲ್ಲಿ ಸೊರಗಿರುತ್ತದೆ. ಚೀಟಿ ಮಾಡಿಸುವ ಕೌಂಟರ್, ಔಷಧದ ಕಿಟಕಿ ಎಲ್ಲಿವೆ ಎಂದು ದೃಷ್ಟಿ ಇಲ್ಲದವರು ಯಾರನ್ನಾದರೂ ಕೇಳಲೇಬೇಕು. ಇದ್ದಲ್ಲಿಂದಲೇ ಹತ್ತಿರದ ಮೊಬೈಲ್‌ಗೆ ಸಂಕೇತ ಕಳಿಸುವ ಬ್ಲೂಟೂತ್ ಬೀಕನ್ ಎಂಬ ಪುಟ್ಟ ಉಪಕರಣ ಈ ಕೊರತೆಯನ್ನು ಒಂದಿಷ್ಟು ತುಂಬಬಲ್ಲದು.

ಉಪಕರಣ ಕೊಳ್ಳುವ ಮೊದಲು ಬಿಳಿ ಕೋಲು ಹಿಡಿದು ನಡೆಯುವವರೊಬ್ಬರನ್ನು ಕರೆಸಿ, ಗೇಟಿನಿಂದ ಕೌಂಟರ್, ಶೌಚಾಲಯದವರೆಗೆ ಅವರ ಜೊತೆ ನಡೆಯಿರಿ. ಕೋಲಿಗೆ, ಪಾದಕ್ಕೆ, ಕಿವಿಗೆ ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳಿ: ಹೊಸ್ತಿಲು, ಇಳಿಜಾರು, ಸಿಮೆಂಟ್ ನೆಲ ಮುಗಿದು ಟೈಲ್ಸ್ ಶುರುವಾಗುವ ಜಾಗ. ಅವರಿಗೆ ಸಂಭಾವನೆ ಕೊಡಿ. ಅವರು ಮಾಡುತ್ತಿರುವುದು ತಜ್ಞರ ಕೆಲಸ.

ಆಮೇಲೆ ಮೊಬೈಲ್ ಹೇಳಬೇಕಾದ ಮಾತು ಬರೆಯಿರಿ. ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವ ಇರುವುದು ಇಲ್ಲೇ. ‘ಅಲ್ಲೇ ಸ್ವಲ್ಪ ಮುಂದೆ’ ಎಂಬ ನಮ್ಮ ಮಾಮೂಲಿ ಉತ್ತರ ನಡೆಯದು. ‘ನೇರ ನಡೆಯಿರಿ. ಎಡಗೈಗೆ ಗೋಡೆ ಸಿಗುತ್ತದೆ. ಗೋಡೆ ಮುಗಿದಲ್ಲಿ ಬಲಕ್ಕೆ ತಿರುಗಿ. ಮುಂದೆ ಮೂರು ಮೆಟ್ಟಿಲು, ಮೇಲಕ್ಕೆ.’ ಹೀಗೆ ಒಂದು ವಾಕ್ಯಕ್ಕೆ ಒಂದೇ ವಿಷಯ. ಎಷ್ಟು ಹೆಜ್ಜೆ ಎಂದು ಹೇಳಬೇಡಿ. ಒಬ್ಬೊಬ್ಬರ ಹೆಜ್ಜೆ ಒಂದೊಂದು ಅಳತೆ. ಇಂತಹ ಧ್ವನಿಸೂಚನೆಗಳಿಗಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2017ರಲ್ಲೇ ಎಫ್.921 ಎಂಬ ಮಾನದಂಡ ಹೊರತಂದಿದೆ.

ಬೀಕನ್‌ಗಳನ್ನು ಬಾಗಿಲು, ತಿರುವು, ಮೆಟ್ಟಿಲುಗಳ ಬಳಿ ತಲೆಗಿಂತ ಎತ್ತರದಲ್ಲಿ ಕೂರಿಸಿ. ಬ್ಲೂಟೂತ್‌ನ 2.4 ಗಿಗಾಹರ್ಟ್ಜ್ ತರಂಗವನ್ನು ನೀರು ಹೀರಿಕೊಳ್ಳುತ್ತದೆ, ನಮ್ಮ ಮೈಯೋ ಬಹುಪಾಲು ನೀರೇ. ಹೀಗಾಗಿ ಜನ ಕಿಕ್ಕಿರಿದಾಗ ಕೆಳಗಿಟ್ಟ ಬೀಕನ್ ಇದ್ದೂ ಇಲ್ಲದಂತೆ. ಎಷ್ಟೇ ಚೆನ್ನಾಗಿ ಕೂರಿಸಿದರೂ ನಡೆಯುವವರು ಎಲ್ಲಿದ್ದಾರೆ ಎಂಬ ಲೆಕ್ಕ ಕೆಲವು ಮೀಟರ್ ಆಚೀಚೆ ಆಗುತ್ತದೆ. ಬೀಕನ್ ನೆಚ್ಚಿ ಮೊಬೈಲ್ ‘ಔಷಧದ ಕಿಟಕಿ ಹತ್ತಿರ ಬಂದಿರಿ’ ಎನ್ನಬಹುದಷ್ಟೆ, ಮೆಟ್ಟಿಲಿನ ಅಂಚು ಹುಡುಕಲು ಕೋಲೇ ಬೇಕು.

ಬೀಕನ್ ಕಳಿಸುವುದು ತನ್ನ ಗುರುತಿನ ಸಂಖ್ಯೆಯನ್ನು ಮಾತ್ರ. ಅದನ್ನು ಮಾತಾಗಿಸುವುದು ಮೊಬೈಲ್‌ನ ಆ್ಯಪ್. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ರೂಪಿಸಿದ, ದೃಷ್ಟಿ ಇಲ್ಲದವರಿಗೆ ದಾರಿ ಹೇಳುವ ನ್ಯಾವ್‌ಕಾಗ್ ಆ್ಯಪ್‌ನ ಮೂಲ ಕೋಡ್ ಮುಕ್ತವಾಗಿ ಸಿಗುತ್ತದೆ. ಅದನ್ನು ನೋಡಿ ಕನ್ನಡದ್ದೊಂದನ್ನು ಕಟ್ಟುವುದು ನಮ್ಮೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತಕ್ಕ ಪ್ರಾಜೆಕ್ಟ್. ಸೂಚನೆಗಳೆಲ್ಲ ಮೊಬೈಲ್‌ನಲ್ಲೇ ಇರಲಿ. ಹೊಸನಗರದ ಕಡೆ ನೆಟ್‌ವರ್ಕ್ ನೆಚ್ಚಿಕೊಂಡು ಕೆಟ್ಟವರು ಬಹಳ.

ಪರೀಕ್ಷೆಯನ್ನು ಬೇಸಿಗೆಯಲ್ಲಿ ಮುಗಿಸಿ ಚಪ್ಪಾಳೆ ತಟ್ಟಬೇಡಿ, ಆಷಾಢದಲ್ಲಿ ಇನ್ನೊಮ್ಮೆ ಮಾಡಿ. ತಗಡಿನ ಚಾವಣಿಯ ಮೇಲೆ ಮಳೆ ಬಡಿಯುವಾಗ ಮೊಬೈಲ್‌ನ ಸ್ಪೀಕರ್ ಕೇಳಿಸದು. ಹಾಗೆಂದು ಎರಡೂ ಕಿವಿಗೆ ಇಯರ್‌ಫೋನ್ ತುರುಕಿದರೆ ಹಿಂದಿನಿಂದ ಬರುವ ಸ್ಟ್ರೆಚರ್‌ನ ಸದ್ದು ತಪ್ಪುತ್ತದೆ. ಒಂದೇ ಕಿವಿಗೆ ಹಾಕಿಕೊಳ್ಳಬಹುದು, ಇಲ್ಲವೇ ಮೂಳೆಯ ಮೂಲಕ ಧ್ವನಿ ಮುಟ್ಟಿಸುವ, ಕಿವಿ ಮುಚ್ಚದ ಇಯರ್‌ಫೋನ್ ಆಗಬಹುದು.

ಕೊನೆಯದಾಗಿ, ಬ್ಯಾಟರಿ ಬದಲಿಸುವ ಹೊಣೆಯನ್ನು ಒಬ್ಬ ಸಿಬ್ಬಂದಿಗೆ ಹೆಸರು ಹಾಕಿ ವಹಿಸಿ. ಕೌಂಟರ್ ಜಾಗ ಬದಲಾದರೆ ಅಂದೇ ಸೂಚನೆ ತಿದ್ದುವ ಹೊಣೆಯೂ ಅವರದೇ.