ಡೊಮೈನ್ ನಿಯಮದ ಕರಡಿಗೆ ದಾವಣಗೆರೆಯಿಂದ ಅಭಿಪ್ರಾಯ ಬರೆಯೋದು ಹೇಗೆ

ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಜೊತೆಗೆ ವರ್ಷಕ್ಕೆ ಹತ್ತು ಹನ್ನೆರಡು ವೆಬ್‌ಸೈಟ್.

2017ರಲ್ಲಿ ಮಂಡಕ್ಕಿ ಭಟ್ಟಿಯ ಚಾಚಾ ಒಬ್ಬರಿಗೆ ಡಾಟ್ ಕಾಮ್ ಹೆಸರು ಕೊಡಿಸಿದೆ. ಫಾರಂನಲ್ಲಿ ಅವರ ಹೆಸರು, ಮನೆ ವಿಳಾಸ, ಮೊಬೈಲ್ ನಂಬರ್ ಎಲ್ಲ ಸರಿಯಾಗಿ ತುಂಬಿದ್ದೆ. ಮರುದಿನದಿಂದಲೇ ಶುರುವಾಯಿತು. "ಸರ್, ಲೋಗೋ ಬೇಕಾ?" "ಸರ್, ವೆಬ್‌ಸೈಟ್ ಮಾಡಿಕೊಡ್ತೀವಿ." ಬತ್ತ ಹುರಿಯುವಾಗಲೂ ಕರೆ, ನಮಾಜಿಗೆ ಹೊರಟಾಗಲೂ ಕರೆ. ಚಾಚಾ ಅಂಗಡಿಗೆ ಬಂದು ಫೋನನ್ನು ಟೇಬಲ್ ಮೇಲಿಟ್ಟು, "ಏನಮ್ಮಾ, ನನ್ನ ನಂಬರ್ ಊರಿಗೆಲ್ಲ ಹಂಚಿದ್ದೀಯಾ?" ಅಂದರು.

ಹಂಚಿದ್ದು ನಾನಲ್ಲ. ಆಗಿನ ನಿಯಮವೇ ಹಾಗಿತ್ತು. ಡೊಮೈನ್, ಅಂದರೆ ವೆಬ್‌ಸೈಟ್ ಹೆಸರು, ಕೊಂಡವರ ವಿವರ ಹೂಈಸ್ ಎಂಬ ಬಹಿರಂಗ ಪಟ್ಟಿಯಲ್ಲಿ ಸಿಗುತ್ತಿತ್ತು. ಯಾರು ಬೇಕಾದರೂ ನೋಡಬಹುದಿತ್ತು, ಮಾರುವವರೂ ಸೇರಿ. 2018ರ ಮೇ 25ಕ್ಕೆ ಜನರ ಖಾಸಗಿ ಮಾಹಿತಿ ಕಾಪಾಡುವ ಯುರೋಪಿನ ಜಿಡಿಪಿಆರ್ ಕಾನೂನು ಜಾರಿಯಾಯಿತು. ಅದಕ್ಕೆ ಎಂಟು ದಿನ ಮೊದಲು, ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಎಂಬ ಸಂಸ್ಥೆ ಗಡಿಬಿಡಿಯಲ್ಲಿ ಒಂದು ತಾತ್ಕಾಲಿಕ ನಿಯಮ ತಂದು, ಈ ವಿವರಗಳನ್ನು ಮರೆ ಮಾಡಲು ದಾರಿ ಮಾಡಿತು. ಆಮೇಲೆ ಡಾಟ್ ಕಾಮ್ ಕೊಂಡ ನನ್ನ ಗಿರಾಕಿಗಳಿಗೆ ಇಂಥ ಕರೆ ಬಂದಿದ್ದು ತೀರಾ ಕಡಿಮೆ.

ಮೂರು ವರ್ಷ ಕಳೆಯಿತು. ಯಾರೋ ಒಬ್ಬ ಚಾಚಾನ ಭಟ್ಟಿ ಹೆಸರಲ್ಲಿ ಒಂದೇ ಅಕ್ಷರ ಬದಲಿಸಿ ಇನ್ನೊಂದು ವೆಬ್‌ಸೈಟ್ ಮಾಡಿ, ಹುಬ್ಬಳ್ಳಿ ಕಡೆಯ ವ್ಯಾಪಾರಿಗಳಿಂದ ಅಡ್ವಾನ್ಸ್ ಹೊಡೆದ. ಯಾರು ಅಂತ ಹುಡುಕಲು ಹೋದರೆ ಹೆಸರಿನ ಜಾಗದಲ್ಲೂ ಮರೆ, ಫೋನಿನ ಜಾಗದಲ್ಲೂ ಮರೆ. ಚಾಚಾನ ನಂಬರನ್ನು ಕಾಪಾಡಿದ ಪರದೆಯೇ ಈಗ ಕಳ್ಳನಿಗೂ ನೆರಳು. "ಇದನ್ನ ಯಾರು ಮಾಡಿದ್ದು? ಅವರಿಗೆ ಒಂದು ಮಾತು ಹೇಳೋಕಾಗಲ್ವಾ?" ಎಂದು ಚಾಚಾ ಕೇಳಿದರು. ಹೇಳಬಹುದು. ನನಗೆ ಗೊತ್ತಾಗಲು ಸ್ವಲ್ಪ ತಡವಾಯಿತು ಅಷ್ಟೆ.

ಐಕ್ಯಾನ್ 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, ಲಾಭಕ್ಕಲ್ಲದ ಸಂಸ್ಥೆ. ಡೊಮೈನ್ ನಿಯಮವನ್ನು ಅಲ್ಲಿನ ನೌಕರರು ಕೂತು ಬರೆಯುವುದಿಲ್ಲ. ಡಾಟ್ ಕಾಮ್, ಡಾಟ್ ಆರ್ಗ್ ಥರದ ಹೆಸರುಗಳಿಗೆ ಜಿಎನ್‌ಎಸ್‌ಒ ಎಂಬ ಕೂಟ ಇದೆ. ಡೊಮೈನ್ ಮಾರುವ ಕಂಪನಿಗಳು, ವ್ಯಾಪಾರಸ್ಥರು, ವಕೀಲರು, ಲಾಭಕ್ಕಲ್ಲದೆ ಡೊಮೈನ್ ಇಟ್ಟುಕೊಂಡವರು ಎಲ್ಲ ಅದರಲ್ಲಿದ್ದಾರೆ. ಸರ್ಕಾರಗಳಿಗೆ ಬೇರೆ ಸಮಿತಿ, ನಮ್ಮಂಥ ಸಾಮಾನ್ಯ ಬಳಕೆದಾರರಿಗೆ ಇನ್ನೊಂದು. ಒಂದು ತಂಡ ಕರಡು ಮಾಡುತ್ತದೆ. ಕರಡನ್ನು ಜನರ ಮುಂದಿಡುತ್ತಾರೆ. ತಿದ್ದಿದ ವರದಿ ಮೊದಲು ಜಿಎನ್‌ಎಸ್‌ಒ ಕೌನ್ಸಿಲ್ಲಿಗೆ, ಆಮೇಲೆ ಐಕ್ಯಾನ್ ಮಂಡಳಿಗೆ ಹೋಗುತ್ತದೆ. ಅಲ್ಲಿ ಪಾಸಾದರೆ ಡೊಮೈನ್ ಮಾರುವ ಕಂಪನಿಗಳೆಲ್ಲ ಪಾಲಿಸಲೇಬೇಕು, ಯಾಕಂದರೆ ಅವರ ಕರಾರಿನಲ್ಲೇ ಅದು ಬರೆದಿರುತ್ತದೆ. ವರ್ಷಕ್ಕೊಮ್ಮೆ "ನಿಮ್ಮ ವಿವರ ಸರಿ ಇದೆಯಾ ನೋಡಿ" ಅಂತ ಇಮೇಲ್ ಬರುತ್ತಲ್ಲ, ಅದು 2003ರಲ್ಲಿ ಹೀಗೇ ಹುಟ್ಟಿದ ನಿಯಮ.

ಬರೆಯುವ ಮೊದಲು ನಿಮ್ಮ ಡೊಮೈನ್‌ನ ಬಾಲ ನೋಡಿ. ಡಾಟ್ ಇನ್ ಅಥವಾ ಡಾಟ್ ಭಾರತ ಆಗಿದ್ದರೆ ಐಕ್ಯಾನ್‌ಗೆ ಬರೆದು ಉಪಯೋಗವಿಲ್ಲ. ಅವುಗಳ ನಿಯಮ ನಮ್ಮ ದೇಶದಲ್ಲೇ ಆಗುತ್ತದೆ, ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ನಾನು ಮೊದಲ ಸಲ ಡಾಟ್ ಇನ್ ತಕರಾರನ್ನು ಎರಡು ಸಂಜೆ ಕೂತು ಇಂಗ್ಲಿಷಿನಲ್ಲಿ ಬರೆದು ಐಕ್ಯಾನ್‌ಗೆ ಕಳಿಸಿದ್ದೆ. ಬಾತಿ ಕೆರೆಗೆ ಹೋಗಬೇಕಾದವಳು ಕುಂದವಾಡ ಕೆರೆಗೆ ಹೋದ ಹಾಗೆ.

ಆಮೇಲೆ ನಿಮ್ಮದೇ ಹೆಸರನ್ನು ಹುಡುಕಿ ನೋಡಿ. ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್‌ನಲ್ಲಿ ಡೊಮೈನ್ ಟೈಪ್ ಮಾಡಿದರೆ ಸಾಕು. ಹಳೆಯ ಹೂಈಸ್ ಜಾಗಕ್ಕೆ ಈಗ ಆರ್‌ಡಿಎಪಿ ಎಂಬ ಹೊಸ ವ್ಯವಸ್ಥೆ ಬಂದಿದೆ. 2025ರ ಜನವರಿ 28ರಿಂದ ಡಾಟ್ ಕಾಮ್‌ನಂಥ ಹೆಸರುಗಳಿಗೆ ಹೂಈಸ್ ಕಡ್ಡಾಯವಲ್ಲ. ಕಂಪನಿ ಯಾವುದು, ಅವಧಿ ಯಾವಾಗ ಮುಗಿಯುತ್ತದೆ, ರಾಜ್ಯ, ದೇಶ, ದೂರು ಕೊಡುವ ಇಮೇಲ್ ಇಷ್ಟು ಕಾಣುತ್ತವೆ. ನಿಮ್ಮ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ. ಡೊಮೈನ್ ಯಾರ ಹೆಸರಲ್ಲಿದೆ ಅಂತ, ಅದನ್ನು ಕೊಂಡ ಕಂಪನಿಯ ಖಾತೆಗೆ ಲಾಗಿನ್ ಆಗಿಯೇ ನೋಡಬೇಕು. ದಯವಿಟ್ಟು ಇವತ್ತೇ ನೋಡಿ. ನಮ್ಮೂರಲ್ಲಿ ಅಂಗಡಿ ಯಜಮಾನರದು, ಡೊಮೈನ್ ಮಾತ್ರ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನದು. ಇದು ಎಷ್ಟು ಕಡೆ ಇದೆ ಅಂದರೆ, ನನಗೆ ಹೊಸ ಗಿರಾಕಿ ಬಂದರೆ ಮೊದಲು ಕೇಳುವುದೇ ಇದನ್ನು.

ಈಗ ಕರಡು. ಐಕ್ಯಾನ್‌ನ ಸಾರ್ವಜನಿಕ ಅಭಿಪ್ರಾಯ ವಿಭಾಗದಲ್ಲಿ ಸದ್ಯ ತೆರೆದಿರುವ ಕರಡುಗಳ ಪಟ್ಟಿ ಇರುತ್ತದೆ. ಸಾಮಾನ್ಯವಾಗಿ 40 ದಿನ ಸಮಯ ಕೊಡುತ್ತಾರೆ. ಎಲ್ಲದಕ್ಕೂ ಕೈ ಹಾಕಬೇಡಿ. ನಿಮ್ಮ ಗಲ್ಲಾಪೆಟ್ಟಿಗೆಗೆ ತಾಗಿದ ವಿಷಯ ಬರುವ ತನಕ ಕಾಯಿರಿ.

ನನಗೆ ಅದು ಬಂದಿದ್ದು 2024ರ ಆಗಸ್ಟ್‌ನಲ್ಲಿ. ಡೊಮೈನನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸುವ ನಿಯಮದ ಕರಡು. ಚೌಕಿಪೇಟೆಯ ಸೀರೆ ಅಂಗಡಿಯೊಂದರ ಕಥೆ ನನ್ನ ಕೈಯಲ್ಲಿತ್ತು. ಅವರ ಡೊಮೈನ್ ಇದ್ದದ್ದು ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗನ ಹೆಸರಲ್ಲಿ. ಅವನನ್ನು ಕಾಡಿಬೇಡಿ ಪಾಸ್‌ವರ್ಡ್ ತರಿಸಿ, ಯಜಮಾನರ ಹೆಸರಿಗೆ ಬದಲಿಸಿದೆ. ಕಡಿಮೆ ದುಡ್ಡಿನ ಕಂಪನಿಗೆ ಸಾಗಿಸೋಣ ಅಂದರೆ ಬೀಗ! ಮಾಲೀಕರ ವಿವರ ಬದಲಿಸಿದರೆ 60 ದಿನ ಬೇರೆ ಕಂಪನಿಗೆ ಹೋಗುವ ಹಾಗಿಲ್ಲ. ಬೀಗ ಬೇಡ ಅಂತ ಮೊದಲೇ ಟಿಕ್ ಮಾಡುವ ಚೌಕವೊಂದು ಇತ್ತಂತೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಷ್ಟರಲ್ಲಿ ಅವಧಿ ಮುಗಿಯಲು ಬಂತು. ದುಬಾರಿ ಕಂಪನಿಯಲ್ಲೇ ಇನ್ನೊಂದು ವರ್ಷಕ್ಕೆ ದುಡ್ಡು ಕಟ್ಟಿದೆವು. ಯಜಮಾನರು ಬೈಯಲಿಲ್ಲ, ಆದರೆ ಆ ವರ್ಷ ದೀಪಾವಳಿ ಫ್ಲೆಕ್ಸ್ ಬೇರೆ ಕಡೆ ಮಾಡಿಸಿದರು.

ಆ ಕರಡಿನಲ್ಲಿ 40ಕ್ಕೂ ಹೆಚ್ಚು ಶಿಫಾರಸುಗಳಿದ್ದವು. ಅದರಲ್ಲೊಂದು, ಇದೇ 60 ದಿನದ ಬೀಗ ತೆಗೆಯಬೇಕು ಅನ್ನುವುದು. ಪೂರ್ತಿ ವರದಿ ಓದಲು ಕೂರಬೇಡಿ, ನಿದ್ದೆ ಗ್ಯಾರಂಟಿ. ವರದಿಯ ಶುರುವಿನಲ್ಲಿರುವ ಸಾರಾಂಶ ಓದಿ. ಶಿಫಾರಸುಗಳ ಪಟ್ಟಿಯಲ್ಲಿ ನಿಮ್ಮ ಪದವನ್ನು ಹುಡುಕಿ. ಸಿಕ್ಕಿದ ಪುಟ, ಅದರ ಹಿಂದಿನದು, ಮುಂದಿನದು ಇಷ್ಟನ್ನು ಪ್ರಿಂಟ್ ತೆಗೆದುಕೊಳ್ಳಿ. ನಾನು ತೆಗೆದದ್ದು ಆರೇ ಹಾಳೆ. ಪೆನ್ಸಿಲ್ ಹಿಡಿದು ಎರಡು ಸಲ ಓದಿದೆ.

ಮೊದಲು ಕನ್ನಡದಲ್ಲಿ ಬರೆಯಿರಿ. ಕಳಿಸುವುದು ಇಂಗ್ಲಿಷಿನಲ್ಲೇ, ಅಲ್ಲಿನ ಕೆಲಸವೆಲ್ಲ ಹೆಚ್ಚಾಗಿ ಆ ಭಾಷೆಯಲ್ಲೇ ನಡೆಯುವುದು. ಆದರೆ ನೇರ ಇಂಗ್ಲಿಷಿಗೆ ಹೋದರೆ ನಮ್ಮ ಮಾತು ಅರ್ಜಿಯಂತೆ ಆಗಿಬಿಡುತ್ತದೆ. "ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ" ಅಂತ ಶುರು ಮಾಡಿ, ವಿಷಯಕ್ಕೆ ಬರುವಷ್ಟರಲ್ಲಿ ಪುಟ ಮುಗಿದಿರುತ್ತದೆ. ನಾನು ಬರೆದದ್ದು ಇಷ್ಟು: ನಾನು ಯಾರು, ಎಷ್ಟು ಗಿರಾಕಿಗಳ ಡೊಮೈನ್ ನೋಡಿಕೊಳ್ಳುತ್ತೇನೆ. ಸೀರೆ ಅಂಗಡಿಯಲ್ಲಿ ಆದದ್ದು, ತಿಂಗಳು ಸಮೇತ. ಯಾವ ನಂಬರಿನ ಶಿಫಾರಸಿಗೆ ನನ್ನ ಒಪ್ಪಿಗೆ. ಏನು ಸೇರಿಸಬೇಕು. ಮಾಲೀಕರ ವಿವರ ಬದಲಾದರೆ ಹಳೆಯ ಇಮೇಲಿಗೂ ಹೊಸದಕ್ಕೂ ಸುದ್ದಿ ಹೋಗಲಿ, ಬೀಗವಿಲ್ಲದಿದ್ದರೆ ಕದಿಯುವವನಿಗೂ ಸುಲಭ ಅಲ್ವಾ, ಅಂತ ಸೇರಿಸಿದೆ. ಒಂದೂವರೆ ಪುಟ.

ಸಿಟ್ಟನ್ನು ಹೊರಗಿಡಿ. ಗಿರಾಕಿಯ ಹೆಸರು, ನಂಬರ್ ಹಾಕಬೇಡಿ, ಯಾಕಂದರೆ ನೀವು ಬರೆದದ್ದು ನಿಮ್ಮ ಹೆಸರಿನ ಜೊತೆಗೆ ಎಲ್ಲರಿಗೂ ಕಾಣುತ್ತದೆ. ಖಾಸಗಿತನದ ಬಗ್ಗೆ ಬರೆಯಲು ಹೋಗಿ ಚಾಚಾನ ನಂಬರನ್ನು ನಾನೇ ಎರಡನೇ ಸಲ ಹಂಚುವವಳಿದ್ದೆ, ಕಳಿಸುವ ಮುಂಚೆ ಕಣ್ಣಿಗೆ ಬಿತ್ತು.

ಇನ್ನೊಂದು ಆಸೆ ಬರುತ್ತದೆ: ಇಪ್ಪತ್ತು ಜನರಿಂದ ಅದೇ ಪತ್ರ ಕಳಿಸೋಣ ಅಂತ. ಸುಮ್ನೆ ಶ್ರಮ. ಇದು ಮತ ಎಣಿಕೆ ಅಲ್ಲ. 2015ರಲ್ಲಿ ಡೊಮೈನ್ ಮಾಲೀಕರ ಹೆಸರು ಮರೆಮಾಡುವ ಸೇವೆಗಳ ಕರಡಿಗೆ 11 ಸಾವಿರಕ್ಕೂ ಹೆಚ್ಚು ಅಭಿಪ್ರಾಯ ಬಂದವು, ಬಹುಪಾಲು ಒಂದೇ ನಮೂನೆಯವು. ಜನರಿಗೆ ಕಾಳಜಿ ಇದೆ ಅಂತ ತೋರಿಸಲು ಅದು ಸಾಕಾಯಿತು. ಆದರೆ ಕರಡಿನ ಒಂದು ಸಾಲು ಬದಲಾಗಬೇಕಾದರೆ ತಂಡಕ್ಕೆ ಗೊತ್ತಿಲ್ಲದ ಒಂದು ಸಂಗತಿ ಬೇಕು. ಚೌಕಿಪೇಟೆಯಲ್ಲಿ ನಡೆದದ್ದು ಅವರಿಗೆ ಗೊತ್ತಿಲ್ಲ. ಅದು ನಿಮ್ಮ ಹತ್ತಿರ ಇದೆ.

ನೋಂದಣಿ ವಿವರದ, ಅಂದರೆ ಡೊಮೈನ್ ಕೊಂಡವರ ಹೆಸರು, ನಂಬರಿನ ಬಗೆಗಿನ ಕರಡು ಬಂದರೆ ಮಾತ್ರ ಇನ್ನಷ್ಟು ನಿಧಾನವಾಗಿ ಯೋಚಿಸಿ. ಅಲ್ಲಿ ಎರಡು ಪಕ್ಷ ಇವೆ. ಒಂದು "ಎಲ್ಲ ಮುಚ್ಚಿ" ಅನ್ನುತ್ತದೆ, ಇನ್ನೊಂದು "ಎಲ್ಲ ತೆರೆಯಿರಿ" ಅನ್ನುತ್ತದೆ. ನಾನು ಚಾಚಾನ ಪಕ್ಷ, ಅಂದರೆ ಎರಡೂ ಪೆಟ್ಟು ತಿಂದವರ ಪಕ್ಷ. 2025ರ ಆಗಸ್ಟ್ 21ರಿಂದ ಜಾರಿಯಾದ ನಿಯಮದಲ್ಲಿ ವಿವರ ಮರೆಯಲ್ಲೇ ಇರುತ್ತದೆ. ಆದರೆ ಸಕಾರಣ ಕೊಟ್ಟು ಕೇಳಿದರೆ ಡೊಮೈನ್ ಮಾರಿದ ಕಂಪನಿ ಎರಡು ಕೆಲಸದ ದಿನದೊಳಗೆ ಅರ್ಜಿ ತಲುಪಿತು ಅನ್ನಬೇಕು, 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರ "ಇಲ್ಲ" ಅಂತಲೂ ಇರಬಹುದು. ಅಡ್ವಾನ್ಸ್ ಹೊಡೆದವನು 30 ದಿನ ಕಾಯುತ್ತಾನಾ? ನನ್ನ ತಕರಾರು ಇರುವುದು ಈ ಜಾಗದಲ್ಲಿ, ಪರದೆಯ ಮೇಲಲ್ಲ. (ದುಡ್ಡು ಹೋಗಿದ್ದರೆ ಅಭಿಪ್ರಾಯ ಬರೆಯುತ್ತ ಕೂರಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಆ ಕಂಪನಿಯ ದೂರಿನ ಇಮೇಲಿಗೆ ಸ್ಕ್ರೀನ್‌ಶಾಟ್ ಸಮೇತ ಬರೆಯಿರಿ.)

ಕನ್ನಡದವರೇ ಹೇಳಬೇಕಾದ ವಿಷಯಗಳೂ ಅಲ್ಲಿ ಬರುತ್ತವೆ. ನಮ್ಮ 'ಗ', 'ಜ', 'ರ' ತೆಲುಗಿನವಕ್ಕೆ ಎಷ್ಟು ಹತ್ತಿರ ಅಂತ ಬಳ್ಳಾರಿ ಬಸ್ಸಿನ ಬೋರ್ಡ್ ಓದಿದವರಿಗೆ ಗೊತ್ತು. ಕನ್ನಡ ಲಿಪಿಯಲ್ಲಿ ಡೊಮೈನ್ ಹೆಸರು ಬರುವಾಗ ಇಂಥ ಅಕ್ಷರಗಳಿಂದ ಮೋಸ ಆಗಬಾರದು ಅಂತ ಭಾರತದ ಲಿಪಿಗಳಿಗಾಗಿ ಒಂದು ತಂಡ ಕೂತು ನಿಯಮ ಮಾಡಿತು. ಅದಕ್ಕೂ ಅಭಿಪ್ರಾಯ ಕೇಳಿದ್ದರು. ಆಗ ನನಗೆ ಗೊತ್ತಿರಲಿಲ್ಲ. ಇನ್ನೂ ಹೊಟ್ಟೆ ಉರಿಸುವ ಸಂಗತಿ, 2016ರ ನವೆಂಬರ್‌ನಲ್ಲಿ ಐಕ್ಯಾನ್ ಸಭೆ ಹೈದರಾಬಾದಿನಲ್ಲೇ ನಡೆದಿತ್ತು. ರಾತ್ರಿ ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು.

ಈಗ ವರ್ಷಕ್ಕೆ ಮೂರು ಸಭೆ, ಎಲ್ಲವನ್ನೂ ಮನೆಯಿಂದ ಕೇಳಬಹುದು, ದುಡ್ಡಿಲ್ಲ. ಸದಸ್ಯರಾಗಬೇಕು ಅನಿಸಿದರೆ ಏಷ್ಯಾ ಪೆಸಿಫಿಕ್ ಬಳಕೆದಾರರ ಕೂಟ ಎಪಿರಾಲೊ ಇದೆ, ಒಬ್ಬೊಬ್ಬರಾಗಿಯೂ ಸೇರಬಹುದು. ಐಕ್ಯಾನ್‌ನದೇ ಆನ್‌ಲೈನ್ ಪಾಠದ ತಾಣ ಐಕ್ಯಾನ್ ಲರ್ನ್‌ನಲ್ಲಿ ಪುಕ್ಕಟೆ ಪಾಠಗಳಿವೆ.

ಬೇಗ ಫಲ ಬರಲಿ ಅಂತ ಕಾಯಬೇಡಿ. ಸಾಗಣೆಯ ಆ ಕೆಲಸ ಶುರುವಾದದ್ದು 2021ರಲ್ಲಿ, ಅಂತಿಮ ವರದಿ ಬಂದದ್ದು 2025ರಲ್ಲಿ. 60 ದಿನದ ಬೀಗ ತೆಗೆಯುವ ಶಿಫಾರಸು ಅದರಲ್ಲಿ ಉಳಿದಿತ್ತು, ವಿವರ ಬದಲಾದರೆ ಸುದ್ದಿ ಕಳಿಸುವುದೂ ಇತ್ತು. ನನ್ನಿಂದ ಅಂತ ಹೇಳಲ್ಲ, ಅದು ಕರಡಿನಲ್ಲೇ ಇದ್ದದ್ದು. ಆದರೂ ಎಲ್ಲ ಅಭಿಪ್ರಾಯಗಳ ನಡುವೆ ನನ್ನದನ್ನು ಹುಡುಕಿ, ಪ್ರಿಂಟ್ ತೆಗೆದು ಸೀರೆ ಅಂಗಡಿ ಯಜಮಾನರಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, "ದಾವಣಗೆರೆ ಸ್ಪೆಲ್ಲಿಂಗ್ ತಪ್ಪಾಗಿದೆ ನೋಡಮ್ಮ" ಅಂದರು. ಈ ಸಲದ ದೀಪಾವಳಿ ಫ್ಲೆಕ್ಸ್ ನಮ್ಮಲ್ಲೇ.

ಕೊನೇ ದಿನದ ಗಡಿಯಾರದ ಬಗ್ಗೆ ಒಂದು ಮಾತು. ಅಲ್ಲಿ ರಾತ್ರಿ 23:59 ಅಂತ ಇರುತ್ತದೆ, ಅದು ಯುಟಿಸಿ, ಅಂದರೆ ಜಾಗತಿಕ ಸಮಯ. ನಮಗೆ ಮರುದಿನ ಬೆಳಗ್ಗೆ 5:29. ನಾನು ಕಳಿಸಿದ್ದು 5:10ಕ್ಕೆ, ಚಾಚಾ ಭಟ್ಟಿಗೆ ಬೆಂಕಿ ಹಾಕುವ ಹೊತ್ತಿಗೆ.